ಆಟೋದ ಮುಂದಿನ ಶಾಕ್: ಸಂಘದ ಸದಸ್ಯೆಯರಿಗೂ ತಿಳಿದಿರಲಿ

(ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಮಾಹಿತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇವತ್ತಿನ ಶಿಬಿರದ ಪಟ್ಟಿಯಲ್ಲಿ 'ಆಟೋದ ಮುಂದಿನ ಶಾಕ್' ಎಂದು ನೋಡಿ ನಿಮ್ಮಲ್ಲಿ ಕೆಲವರು ಮುಖ ಮುಖ ನೋಡಿಕೊಂಡದ್ದನ್ನು ನಾವು ಗಮನಿಸಿದ್ದೇವೆ. ಉಪ್ಪಿನಕಾಯಿ, ಫಿನಾಯಿಲ್, ಹೊಲಿಗೆ, ಮಲ್ಲಿಗೆ ಕೃಷಿ ಇವುಗಳ ಬಗ್ಗೆ ಮಾಹಿತಿ ಕೊಟ್ಟರೆ ಸರಿ, ಗ್ಯಾರೇಜಿನ ಹುಡುಗರ ಕೆಲಸ ನಮಗೆ ಯಾಕೆ ಎಂದು ಒಬ್ಬರು ಕೇಳಿಯೇ ಬಿಟ್ಟರು. ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ನಿಮ್ಮ ಸಂಘದ ಸಾಲದ ಪುಸ್ತಕ ತೆರೆದು 'ಉದ್ದೇಶ' ಎಂಬ ಕಾಲಂ ನೋಡಿ. ಮಕ್ಕಳ ಫೀಸು, ಮನೆ ದುರಸ್ತಿ, ಆಸ್ಪತ್ರೆ ಖರ್ಚು, ಇವುಗಳ ನಡುವೆ 'ಗಾಡಿ ರಿಪೇರಿ' ಅಂತ ಎಷ್ಟು ಸಲ ಬರೆದಿದೆ ಎಂದು ಎಣಿಸಿ. ಯಾವ ರಿಪೇರಿ, ಯಾವ ಪಾರ್ಟ್, ಯಾಕೆ ಹೋಯಿತು ಎಂದು ಕೇಳಿದರೆ ಹೇಳುವವರು ಕಡಿಮೆ. "ಅವರು ಹೇಳಿದ್ರು, ನಾವು ಕೊಟ್ವಿ" ಅಷ್ಟೇ. ಗಾಡಿ ಗಂಡನ ಹೆಸರಿನಲ್ಲಿರಬಹುದು, ಮಗನ ಹೆಸರಿನಲ್ಲಿರಬಹುದು. ನಮ್ಮಲ್ಲಿ ಈಗ ಸ್ವತಃ ಓಡಿಸುವ ಅಕ್ಕಂದಿರೂ ಇದ್ದಾರೆ, ಸಂತೋಷ. ಆದರೆ ಕಂತು ಕಟ್ಟುವುದು ಸಂಘದ ಮೂಲಕ. ಸಹಿ ನಿಮ್ಮದು. ಹಾಗಿರುವಾಗ ಗಾಡಿಯ ಒಳಗಿನ ವಿಷಯ ನಿಮಗೆ ಬೇಡ ಎನ್ನುವುದು ಸರಿಯೇ?

ಗಾಡಿಯ ಎಲ್ಲಾ ಭಾಗಗಳ ಬಗ್ಗೆ ಒಂದೇ ದಿನ ಹೇಳಲಿಕ್ಕೆ ಆಗುವುದಿಲ್ಲ. ಅದಕ್ಕೆ ಮುಂದಿನ ಶಾಕ್ ಒಂದನ್ನೇ ಆರಿಸಿಕೊಂಡಿದ್ದೇವೆ. ಯಾಕೆಂದರೆ ಅದು ಕೆಟ್ಟರೆ ಗಾಡಿ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಎಂಜಿನ್ ಕೆಟ್ಟರೆ ಮನೆಯವರಿಗೆಲ್ಲಾ ಗೊತ್ತಾಗುತ್ತದೆ. ಶಾಕ್ ಕೆಟ್ಟರೆ ಓಡಿಸುವವರ ಸೊಂಟಕ್ಕೆ ಮಾತ್ರ ಗೊತ್ತಾಗುತ್ತದೆ, ಆಮೇಲೆ ಒಂದು ದಿನ ತಿರುವಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಹಾಗೆ ಗೊತ್ತಾದ ಒಂದು ಪ್ರಸಂಗ ಹೇಳುತ್ತೇವೆ. ನಮ್ಮ ಒಬ್ಬ ಸದಸ್ಯೆಯ ಮನೆಯವರು ಗೂಡ್ಸ್ ಆಟೋ ಇಟ್ಟಿದ್ದಾರೆ. ಬೆಳಗಿನ ಜಾವ ಮಂಗಳೂರಿನ ದಕ್ಕೆಯಿಂದ ಮೀನಿನ ಐಸ್ ಪೆಟ್ಟಿಗೆ ಹೇರಿಕೊಂಡು ಘಟ್ಟದ ಬುಡದ ಊರುಗಳಿಗೆ ಹೋಗುವುದು, ಹತ್ತು ಗಂಟೆಯೊಳಗೆ ಖಾಲಿ ವಾಪಸು. ಮಳೆಗಾಲ ಶುರುವಾಗುವಾಗ ಹಂಪ್ ದಾಟಿದಾಗೆಲ್ಲಾ ಮುಂದೆ 'ಢಬ್' ಅಂತ ಬಡಿಯತೊಡಗಿತು. ಗ್ಯಾರೇಜಿಗೆ ಕೊಂಡುಹೋದರು. ಅಲ್ಲಿ ಸ್ಪ್ರಿಂಗಿನ ಕೆಳಗೆ ಒಂದು ದಪ್ಪದ ಕಬ್ಬಿಣದ ಬಳೆ ಕೂರಿಸಿ, "ಟೈಟ್ ಮಾಡಿದ್ದೇವೆ, ಇನ್ನು ಬಡಿಯೋದಿಲ್ಲ" ಅಂತ ಹೇಳಿ ಕಳಿಸಿದರು. ಖರ್ಚು ಕಡಿಮೆ, ಮನೆಯವರಿಗೆ ಖುಷಿ. ನಿಜವಾಗಿ ಬಡಿಯುವುದು ನಿಂತಿತು. ಆದರೆ ಖಾಲಿ ಬರುವಾಗ ಹ್ಯಾಂಡಲ್ ನಡುಗುತ್ತದೆ, ಕೈ ಜೋಮು ಹಿಡಿಯುತ್ತದೆ ಎಂದು ಅವರು ಹೇಳುತ್ತಿದ್ದರು. ಒಂದು ದಿನ ಮಳೆಯಲ್ಲಿ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಹಾಕಿದಾಗ ಮುಂದಿನ ಚಕ್ರ ಹಿಡಿಯಲೇ ಇಲ್ಲ, ಕುಪ್ಪಳಿಸಿಕೊಂಡು ನೇರ ಹೋಯಿತು. ಚರಂಡಿಯ ಅಂಚಿಗೆ ಹೋಗಿ ನಿಂತಿತು, ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಬೇರೆ ಕಡೆ ಬಿಚ್ಚಿಸಿ ನೋಡಿದಾಗ ಶಾಕ್ ಅಬ್ಸಾರ್ಬರಿನಲ್ಲಿ ಒಂದು ತೊಟ್ಟು ಎಣ್ಣೆಯೂ ಇರಲಿಲ್ಲ. ಸತ್ತುಹೋದ ಶಾಕ್ ಮೇಲೆ ಆ ಬಳೆ ಒಂದು ಪರದೆಯ ಹಾಗೆ ಕೆಲಸ ಮಾಡಿತ್ತು. ಶಬ್ದ ಹೋಯಿತು, ರೋಗ ಹೋಗಲಿಲ್ಲ.

ಈ ಪ್ರಸಂಗ ಅರ್ಥವಾಗಬೇಕಾದರೆ ಮೊದಲು ಒಂದು ವ್ಯತ್ಯಾಸ ತಿಳಿಯಬೇಕು. ನಾವು 'ಶಾಕ್' ಅಂತ ಒಂದೇ ಮಾತಿನಲ್ಲಿ ಹೇಳುವುದು ನಿಜವಾಗಿ ಎರಡು ವಸ್ತು. ಹೊರಗೆ ಕಾಣುವ ಸುರುಳಿ ಸ್ಪ್ರಿಂಗ್. ಒಳಗೆ ಇರುವ ಕೊಳವೆ ಶಾಕ್ ಅಬ್ಸಾರ್ಬರ್, ಕೆಲವರು ಡ್ಯಾಂಪರ್ ಎನ್ನುತ್ತಾರೆ. ಸ್ಪ್ರಿಂಗಿನ ಕೆಲಸ ಭಾರ ಹೊರುವುದು. ಹೊಂಡಕ್ಕೆ ಇಳಿದಾಗ ಕುಗ್ಗುತ್ತದೆ, ಕುಗ್ಗಿದ್ದು ಪುಟಿಯುತ್ತದೆ. ಪುಟಿದದ್ದು ಮತ್ತೆ ಕುಗ್ಗುತ್ತದೆ. ಬರೀ ಸ್ಪ್ರಿಂಗ್ ಇದ್ದರೆ ಗಾಡಿ ಒಂದು ಹಂಪಿಗೆ ಹತ್ತು ಸಲ ಕುಣಿಯುತ್ತದೆ. ಈ ಕುಣಿತವನ್ನು ನಿಲ್ಲಿಸುವುದು ಒಳಗಿನ ಕೊಳವೆಯ ಕೆಲಸ. ಅದರೊಳಗೆ ಎಣ್ಣೆ ಇದೆ. ಎಣ್ಣೆಯ ನಡುವೆ ಸಣ್ಣ ತೂತುಗಳಿರುವ ಪಿಸ್ಟನ್ ಮೇಲೆ ಕೆಳಗೆ ಚಲಿಸುತ್ತದೆ. ಆ ಸಣ್ಣ ತೂತಿನಿಂದ ಎಣ್ಣೆ ನುಸುಳಿ ಹೋಗಲಿಕ್ಕೆ ಸಮಯ ಬೇಕು, ಅದರಿಂದಾಗಿ ಕುಣಿತ ನಿಧಾನವಾಗಿ ಅಲ್ಲಿಗೇ ಸತ್ತುಹೋಗುತ್ತದೆ. ಚಕ್ಕುಲಿ ಒರಳು ಒತ್ತಿದ್ದು ನೆನಪು ಮಾಡಿಕೊಳ್ಳಿ. ಹಿಟ್ಟು ತೂತಿನಿಂದ ಹೋಗುವಷ್ಟೇ ವೇಗದಲ್ಲಿ ಕೈ ಇಳಿಯುತ್ತದೆ, ಎಷ್ಟು ಅವಸರ ಮಾಡಿದರೂ ಅಷ್ಟೇ. ಕುಣಿತದ ಶಕ್ತಿ ಎಣ್ಣೆಯಲ್ಲಿ ಬಿಸಿಯಾಗಿ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ತುಂಬಾ ಹೊತ್ತು ಓಡಿದ ಮೇಲೆ ಆ ಕೊಳವೆ ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ.

ಎಣ್ಣೆ ಸೋರಿ ಹೋದರೆ ಕೊಳವೆ ಹೆಸರಿಗೆ ಮಾತ್ರ. ಆಮೇಲೆ ಸ್ಪ್ರಿಂಗನ್ನು ಎಷ್ಟು ಬಿಗಿ ಮಾಡಿದರೂ ಕುಣಿತ ನಿಲ್ಲುವುದಿಲ್ಲ. ಬ್ರೇಕ್ ಹಾಕುವಾಗ ಚಕ್ರ ನೆಲಕ್ಕೆ ಅಂಟಿಕೊಂಡಿರಬೇಕು. ಕುಣಿಯುವ ಚಕ್ರ ಅರ್ಧ ಹೊತ್ತು ನೆಲದ ಮೇಲೆ, ಅರ್ಧ ಹೊತ್ತು ಗಾಳಿಯಲ್ಲಿ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುಗಿಸುವ ಶಕ್ತಿಯೂ ಇಲ್ಲ. ಕಾರಿಗಾದರೆ ಮುಂದೆ ಎರಡು ಚಕ್ರ ಇದೆ, ಒಂದು ತಪ್ಪಿದರೆ ಇನ್ನೊಂದು. ನಮ್ಮ ಆಟೋಗೆ ಮುಂದೆ ಇರುವುದು ಒಂದೇ.

ಈ ಒಂಟಿ ಮುಂಚಕ್ರದ ಗಾಡಿ ಎಲ್ಲಿಂದ ಬಂತು ಅಂತ ಕೇಳಿದರೆ, ಇಟಲಿ ದೇಶದ ಕಡೆ ನೋಡಬೇಕು. ಅಲ್ಲಿನ ಪಿಯಾಜಿಯೋ ಕಂಪನಿ ಯುದ್ಧ ಮುಗಿದ ಮೇಲೆ 1946ರಲ್ಲಿ ವೆಸ್ಪಾ ಸ್ಕೂಟರ್ ತಂದಿತು, 1948ರಲ್ಲಿ ಅದಕ್ಕೇ ಹಿಂದೆ ಎರಡು ಚಕ್ರ, ಒಂದು ತೊಟ್ಟಿ ಜೋಡಿಸಿ 'ಆಪೆ' ಎಂಬ ಗಾಡಿ ಮಾಡಿತು. ಆಪೆ ಅಂದರೆ ಆ ಭಾಷೆಯಲ್ಲಿ ಜೇನುನೊಣ. ಮಾಡಿದವರು ಕೊರಾದಿನೋ ದಸ್ಕಾನಿಯೋ, ವಿಮಾನದ ಎಂಜಿನಿಯರ್. ನಮ್ಮ ದೇಶದಲ್ಲಿ ಬಜಾಜ್ ಕಂಪನಿಯೂ ಮೊದಲಿಗೆ ಪಿಯಾಜಿಯೋದ ಲೈಸೆನ್ಸ್ ಪಡೆದೇ ಸ್ಕೂಟರ್, ಆಟೋ ತಯಾರಿಸಿದ್ದು. ಹಾಗಾಗಿ ನಮ್ಮ ಹೆಚ್ಚಿನ ಆಟೋಗಳ ಮುಂಭಾಗ ಸ್ಕೂಟರಿನ ಮುಂಭಾಗದ್ದೇ ವಂಶ. ಒಂದು ಗಟ್ಟಿ ಕಂಬ, ಅದರ ಬುಡದಲ್ಲಿ ಅಲ್ಲಾಡುವ ಒಂದು ಆರ್ಮ್, ಆರ್ಮಿಗೆ ಚಕ್ರ, ಆರ್ಮಿಗೂ ಕಂಬಕ್ಕೂ ನಡುವೆ ಸ್ಪ್ರಿಂಗ್ ಮತ್ತು ಶಾಕ್. ಕೆಲವು ಗಾಡಿಗಳಲ್ಲಿ ಶಾಕ್ ಒಂದು, ಕೆಲವುಗಳಲ್ಲಿ ಎರಡು. ಈಗ ಬಂದಿರುವ ಬ್ಯಾಟರಿ ರಿಕ್ಷಾಗಳಲ್ಲಿ ಹೆಚ್ಚಾಗಿ ಮೋಟಾರ್ ಬೈಕಿನ ಹಾಗೆ ಎರಡು ಉದ್ದ ಕೊಳವೆಯ ಫೋರ್ಕ್ ಇರುತ್ತದೆ, ಸ್ಪ್ರಿಂಗ್ ಕೊಳವೆಯ ಒಳಗೇ ಇರುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. "ಶಾಕ್ ಅಡ್ಜಸ್ಟ್ ಮಾಡಿ ಕೊಡಿ" ಅಂತ ಎಲ್ಲರೂ ಹೇಳುತ್ತಾರೆ. ಅಡ್ಜಸ್ಟ್ ಮಾಡುವುದು ಅಂದರೆ ಏನು?

ಮೋಟಾರ್ ಬೈಕಿನ ಹಿಂದಿನ ಶಾಕ್ ನೋಡಿದ್ದೀರಿ. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿರುವ ಒಂದು ಬಳೆ ಇರುತ್ತದೆ, ಹೆಚ್ಚಾಗಿ 5 ಮೆಟ್ಟಿಲು. ಕೊಕ್ಕೆಯ ಹಾಗಿರುವ ಸ್ಪಾನರಿನಿಂದ ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಸ್ವಲ್ಪ ಮೊದಲೇ ಒತ್ತಿ ಕೂರುತ್ತದೆ. ಇದಕ್ಕೆ ಪ್ರಿಲೋಡ್ ಎನ್ನುತ್ತಾರೆ. ವಿದೇಶಗಳಲ್ಲಿ ಮುಂದೆ ಎರಡು, ಹಿಂದೆ ಒಂದು ಚಕ್ರ ಇರುವ ಮೂರು ಚಕ್ರದ ಮೋಟಾರ್ ಸೈಕಲ್ಲುಗಳಿವೆ. ಕೆನಡಾದ ಬಿಆರ್‌ಪಿ ಕಂಪನಿ 2007ರಲ್ಲಿ ತಂದ ಸ್ಪೈಡರ್ ಅಂತಹ ಗಾಡಿ. ಅಂಥವುಗಳಲ್ಲಿ ಮುಂದಿನ ಶಾಕಿಗೇ ಈ ಮೆಟ್ಟಿಲು ಬಳೆ ಇರುತ್ತದೆ. ಅಲ್ಲಿ ಕಟ್ಟುನಿಟ್ಟಾದ ನಿಯಮ ಏನೆಂದರೆ ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಒಂದು ಕಡೆ 2, ಇನ್ನೊಂದು ಕಡೆ 4 ಇಟ್ಟರೆ ಗಾಡಿ ವಾಲಿ ನಿಲ್ಲುತ್ತದೆ, ಎರಡು ಕಡೆಯ ತಿರುವಿಗೂ ಒಂದೇ ರೀತಿ ನಡೆಯುವುದಿಲ್ಲ.

ನಮ್ಮ ಆಟೋಗಳ ವಿಷಯ ಬೇರೆ. ಸಾಮಾನ್ಯವಾಗಿ ನಮ್ಮಲ್ಲಿ ಓಡುವ ಆಟೋಗಳ ಮುಂದಿನ ಶಾಕಿಗೆ ಅಡ್ಜಸ್ಟ್ ಮಾಡುವ ಬಳೆಯೇ ಇರುವುದಿಲ್ಲ. ಹೊರಲು ಎಷ್ಟು ಭಾರ ಅಂತ ಕಂಪನಿ ಲೆಕ್ಕ ಹಾಕಿ ಒಂದು ಸ್ಪ್ರಿಂಗ್, ಅದಕ್ಕೆ ಸರಿಹೊಂದುವ ಶಾಕ್ ಕೊಟ್ಟಿರುತ್ತದೆ. ನಿಮ್ಮ ಗಾಡಿಯಲ್ಲಿ ಇದೆಯೋ ಇಲ್ಲವೋ ಎನ್ನುವುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಆ ಪುಸ್ತಕವನ್ನು ದಯವಿಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಡಬೇಡಿ. ಅಡ್ಜಸ್ಟ್ ಮಾಡಲಿಕ್ಕೆ ಬಳೆಯೇ ಇಲ್ಲದ ಗಾಡಿಯನ್ನು ಯಾರಾದರೂ "ಅಡ್ಜಸ್ಟ್ ಮಾಡಿದೆ" ಅಂದರೆ ಏನು ಹಾಕಿದ್ದಾರೆ, ಏನು ತೆಗೆದಿದ್ದಾರೆ ಎಂದು ಕೇಳುವ ಹಕ್ಕು ನಿಮಗಿದೆ.

ಹಾಗೆ ಕಬ್ಬಿಣದ ಬಳೆ ಕೂರಿಸಿದರೆ ಏನಾಗುತ್ತದೆ? ಸ್ಪ್ರಿಂಗ್ ಗಟ್ಟಿಯಾಯಿತು ಅಂತ ನಾವು ತಿಳಿಯುತ್ತೇವೆ. ನಿಜವಾಗಿ ಸ್ಪ್ರಿಂಗಿನ ಗಟ್ಟಿತನ ಬದಲಾಗುವುದಿಲ್ಲ, ಅದೇ ತಂತಿ, ಅದೇ ಸುರುಳಿ. ಗಾಡಿಯ ಮುಂಭಾಗ ಮಾತ್ರ ಎತ್ತರ ನಿಲ್ಲುತ್ತದೆ. ಎತ್ತರ ನಿಂತ ಗಾಡಿಯ ಚಕ್ರಕ್ಕೆ ಕೆಳಗೆ ಇಳಿಯಲು ಜಾಗ ಕಡಿಮೆ. ಹೊಂಡ ಬಂದಾಗ ಚಕ್ರ ಹೊಂಡದೊಳಗೆ ಇಳಿದು ನೆಲ ಹಿಡಿಯಬೇಕು, ಹಿಡಿಯುವುದಿಲ್ಲ, ನೇತಾಡುತ್ತದೆ. ಖಾಲಿ ಗಾಡಿಯಲ್ಲಿ 'ಟಕ್ ಟಕ್' ಅಂತ ಶಬ್ದ ಬರುವುದೂ ಇದರಿಂದಲೇ. ಇನ್ನು ಬಳೆ ದಪ್ಪ ಇದ್ದಷ್ಟು ಸುರುಳಿಗಳ ನಡುವಿನ ಸಂದು ಕಡಿಮೆಯಾಗುತ್ತದೆ. ದೊಡ್ಡ ಪೆಟ್ಟು ಬಿದ್ದಾಗ ಸುರುಳಿಗೆ ಸುರುಳಿ ತಾಗಿ ಸ್ಪ್ರಿಂಗ್ ಒಂದು ಕಬ್ಬಿಣದ ಕಂಬದ ಹಾಗೆ ಆಗಿಬಿಡುತ್ತದೆ. ಆ ಪೆಟ್ಟು ನೇರ ಆರ್ಮಿಗೆ, ಕಂಬಕ್ಕೆ, ಓಡಿಸುವವರ ಬೆನ್ನಿಗೆ. ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದೂ ಇದೇ ಆಟೋದಲ್ಲಿ ಎಂಬುದನ್ನು ಹೇಳಬೇಕಾಗಿಲ್ಲ.

ಇನ್ನೊಂದು ನಂಬಿಕೆ ಇದೆ. ಮುಂದಿನ ಶಾಕ್ ಬಿಗಿ ಇದ್ದರೆ ತಿರುವಿನಲ್ಲಿ ಗಾಡಿ ಮಗುಚುವುದಿಲ್ಲ ಅಂತ. ಇದು ಪೂರ್ತಿ ತಪ್ಪು. ಮೂರು ಕಲ್ಲಿನ ಒಲೆ ನೆನಪಿಸಿಕೊಳ್ಳಿ. ಮೂರು ಕಲ್ಲಿನ ಮೇಲೆ ಮಡಕೆ ಅಲ್ಲಾಡುವುದಿಲ್ಲ, ನೆಲ ಏರುತಗ್ಗು ಇದ್ದರೂ ಕೂರುತ್ತದೆ. ಆದರೆ ಎರಡು ಕಲ್ಲಿನ ನಡುವಿನ ಸಂದಿಯ ಕಡೆಗೆ ಮಡಕೆ ದೂಡಿದರೆ ಸುಲಭದಲ್ಲಿ ಉರುಳುತ್ತದೆ. ಆಟೋ ಹಾಗೆಯೇ. ಮುಂದಿನ ಚಕ್ರ ಒಂದು ಕಲ್ಲು, ಹಿಂದಿನವು ಎರಡು ಕಲ್ಲು. ಎಡಬಲಕ್ಕೆ ವಾಲುವುದನ್ನು ತಡೆಯುವ ಶಕ್ತಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಇದೆ. ನಡುವೆ ಇರುವ ಒಂದೇ ಚಕ್ರದ ಸ್ಪ್ರಿಂಗ್ ಬಿಗಿ ಮಾಡಿದರೂ ಸಡಿಲ ಮಾಡಿದರೂ ವಾಲುವುದಕ್ಕೆ ವ್ಯತ್ಯಾಸ ಆಗುವುದಿಲ್ಲ. ತಿರುಗಿಸುತ್ತಾ ಬ್ರೇಕ್ ಹಾಕಿದರೆ ಭಾರ ಮುಂದಕ್ಕೂ ಹೊರಕ್ಕೂ ಒಟ್ಟಿಗೆ ಓಡುತ್ತದೆ, ಅಂದರೆ ಆ ಸಂದಿಯ ಕಡೆಗೇ. ಹಾಗಾಗಿ ತಿರುವಿಗೆ ಮೊದಲೇ ವೇಗ ಇಳಿಸಬೇಕು. ಇದಕ್ಕೆ ಗ್ಯಾರೇಜಿನಲ್ಲಿ ಮದ್ದು ಇಲ್ಲ.

ಹಾಗಾದರೆ ನಾವು ಏನು ಮಾಡಬಹುದು? ಬಹಳ ಮಾಡಬಹುದು, ಒಂದು ಸ್ಪಾನರ್ ಮುಟ್ಟದೆ.

ಮೊದಲು ಟೈರ್. ಶಾಕ್ ಗಟ್ಟಿ ಆಯಿತು, ಮೆತ್ತಗಾಯಿತು ಅಂತ ಬರುವ ದೂರುಗಳಲ್ಲಿ ಟೈರಿನ ಗಾಳಿಯದ್ದೇ ತಪ್ಪು ಇರುವುದುಂಟು. ಆಟೋದಲ್ಲಿ ಸಾಮಾನ್ಯವಾಗಿ ಇರುವುದು 4.00-8 ಎಂಬ ಸಣ್ಣ ಟೈರ್. ಟೈರ್ ಸಣ್ಣದಾದಷ್ಟೂ ಹೊಂಡ ಅದಕ್ಕೆ ದೊಡ್ಡದು. ಗಾಳಿ ಜಾಸ್ತಿ ಇದ್ದರೆ ಪುಟಿಯುತ್ತದೆ, ಕಡಿಮೆ ಇದ್ದರೆ ಹ್ಯಾಂಡಲ್ ಭಾರ. ಬೆಳಿಗ್ಗೆ ಟೈರ್ ತಣ್ಣಗಿರುವಾಗ, ಪುಸ್ತಕದಲ್ಲಿ ಮುಂದಿನ ಚಕ್ರಕ್ಕೆ ಎಷ್ಟು ಹೇಳಿದೆಯೋ ಅಷ್ಟೇ ಹಾಕಿಸಿ. ಮುಂದೆ ಹಿಂದೆ ಒಂದೇ ಲೆಕ್ಕ ಅಲ್ಲ. ಟೈರ್ ನೋಡುವಾಗಲೇ ಅದರ ಮೈಮೇಲೆ ಅಂಗೈ ಸವರಿ. ಸಮವಾಗಿ ಸವೆದಿದ್ದರೆ ಸರಿ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಸಿಕ್ಕಿದರೆ ಚಕ್ರ ಕುಣಿಯುತ್ತಾ ಓಡಿದೆ ಎಂದು ಅನುಮಾನಿಸಬೇಕು. ಮೊದಲು ಶಾಕ್ ಪರೀಕ್ಷಿಸಿ. ಬುಶ್, ಬೇರಿಂಗ್ ಸವೆದರೂ ಹೀಗಾಗಬಹುದು.

ಆಮೇಲೆ ಒತ್ತಿ ನೋಡುವ ಪರೀಕ್ಷೆ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡಲ್ ಹಿಡಿದು ಮೈಭಾರ ಹಾಕಿ ಮುಂಭಾಗವನ್ನು ಮೂರು ಸಲ ಕೆಳಗೆ ಒತ್ತಿ, ಕೈ ಬಿಡಿ. ಒಳ್ಳೆಯ ಶಾಕ್ ಇದ್ದರೆ ಮೇಲೆ ಬಂದು ಅಲ್ಲಿಗೇ ನಿಲ್ಲುತ್ತದೆ. ಮೇಲೆ ಬಂದು, ಕೆಳಗೆ ಹೋಗಿ, ಮತ್ತೆ ಮೇಲೆ ಬಂದು ತೊಟ್ಟಿಲಿನ ಹಾಗೆ ಆಡುತ್ತಿದ್ದರೆ ಎಣ್ಣೆ ಹೋಗಿದೆ ಅಂತಲೇ ಲೆಕ್ಕ. ಒತ್ತಿದರೂ ಇಳಿಯುವುದೇ ಇಲ್ಲ, ಅಥವಾ ಇಳಿದದ್ದು ಮೇಲೆ ಬರುವುದಿಲ್ಲ ಅಂದರೆ ಒಳಗೆ ಸಿಕ್ಕಿಹಾಕಿಕೊಂಡಿದೆ. ಕೊಳವೆಯ ಮೇಲೆ ಬಟ್ಟೆಯಿಂದ ಒರೆಸಿ ನೋಡಿ. ತೆಳ್ಳಗೆ ಧೂಳು ಅಂಟಿದ ಪಸೆ ಇದ್ದರೆ ಗಾಬರಿ ಬೇಡ, ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಎಣ್ಣೆ ಹರಿದು ಕೆಳಗೆ ಇಳಿದಿದ್ದರೆ ಸೀಲ್ ಹೋಗಿದೆ. ಬ್ಯಾಟರಿ ರಿಕ್ಷಾದ ಫೋರ್ಕಿನಲ್ಲಾದರೆ ಆ ಎಣ್ಣೆ ಚಕ್ರದ ಕಡೆಗೇ ಇಳಿಯುತ್ತದೆ, ಬ್ರೇಕಿಗೆ ತಾಗಿದರೆ ಕಷ್ಟ. ತಡ ಮಾಡಬೇಡಿ.

ಮೂರನೆಯದಕ್ಕೆ ಹೊಲಿಗೆಯ ಟೇಪ್ ಸಾಕು. ಟೈಲರಿಂಗ್ ಕಲಿತ ಅಕ್ಕಂದಿರೇ, ಇದು ನಿಮ್ಮ ಕೆಲಸ! ಮುಂದಿನ ಚಕ್ರದ ಅಚ್ಚಿನ ನಡುವಿನಿಂದ ನೇರ ಮೇಲೆ ಗಾಡಿಯ ಬಾಡಿಯ ಒಂದು ಗುರುತಿನವರೆಗೆ ಅಳತೆ ತೆಗೆಯಿರಿ. ಗುರುತಿಗೆ ಸ್ವಲ್ಪ ಬಣ್ಣ ಹಚ್ಚಿದರೆ ಪ್ರತಿ ಸಲ ಅದೇ ಜಾಗ ಸಿಗುತ್ತದೆ. ಮೂರು ಅಳತೆ ಬೇಕು. ಮುಂಭಾಗ ಜ್ಯಾಕಿನಲ್ಲಿ ಎತ್ತಿ ಚಕ್ರ ನೇತಾಡುವಾಗ ಒಂದು, ಗಾಡಿ ಖಾಲಿ ನಿಂತಾಗ ಒಂದು, ಓಡಿಸುವವರು ಕೂತು ದಿನನಿತ್ಯದ ಭಾರ ಹೇರಿದಾಗ ಒಂದು. ಈ ಮೂರನ್ನೂ ತಾರೀಕಿನ ಜೊತೆ ಪುಸ್ತಕದಲ್ಲಿ ಬರೆಯಿರಿ. ಬೈಕಿನ ಮೆಕ್ಯಾನಿಕರು ಸವಾರ ಕೂತಾಗ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕುಗ್ಗಿದರೆ ಸರಿ ಅಂತ ನೋಡುತ್ತಾರೆ. ಉದಾಹರಣೆಗೆ ಒಟ್ಟು 90 ಮಿ.ಮೀ. ಚಲನೆ ಇದ್ದರೆ 22.5ರಿಂದ 30 ಮಿ.ಮೀ. ಆಟೋಗೆ ಈ ಲೆಕ್ಕವನ್ನು ಹಾಗೆಯೇ ಹಿಡಿಯಬೇಡಿ, ನಿಮ್ಮ ಗಾಡಿಯ ಹಳೆಯ ಅಳತೆಯೇ ನಿಮಗೆ ಅಳತೆಗೋಲು. ಆರು ತಿಂಗಳ ನಂತರ ಅದೇ ಭಾರಕ್ಕೆ ಹೆಚ್ಚು ಕುಗ್ಗಿ ನಿಂತರೆ ಸ್ಪ್ರಿಂಗ್ ಸೋತಿದೆ. ಗಮನಿಸಿ, ಒತ್ತುವ ಪರೀಕ್ಷೆ ಕೊಳವೆಗೆ, ಟೇಪಿನ ಪರೀಕ್ಷೆ ಸ್ಪ್ರಿಂಗಿಗೆ. ಎರಡನ್ನೂ ಮಾಡಿದರೆ ಯಾವುದು ಹೋಗಿದೆ ಅಂತ ಗ್ಯಾರೇಜಿಗೆ ಹೋಗುವ ಮೊದಲೇ ಗೊತ್ತಿರುತ್ತದೆ.

ಜ್ಯಾಕ್ ಹಾಕುವಾಗ ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಬೇಡಿ. ಹಿಂದಿನ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಇಡಿ, ಮಕ್ಕಳನ್ನು ದೂರ ಇಡಿ. ಚಕ್ರ ಎತ್ತಿರುವಾಗಲೇ ಅದನ್ನು ಕೆಳಗೆ ಹಿಡಿದು ಮುಂದಕ್ಕೆ ಹಿಂದಕ್ಕೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. 'ಕಟ್ ಕಟ್' ಅಂತ ಆಡಿದರೆ ಆರ್ಮಿನ ಬುಶ್ ಅಥವಾ ಚಕ್ರದ ಬೇರಿಂಗ್ ಸವೆದಿದೆ. ಹ್ಯಾಂಡಲ್ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿ. ನಡುವೆ ಒಂದು ಕಡೆ ಸಿಕ್ಕಿದ ಹಾಗೆ ಆದರೆ ಕೋನ್ ಸೆಟ್ ತಗ್ಗು ಬಿದ್ದಿದೆ. ಇವುಗಳನ್ನು ಬಿಟ್ಟು ಶಾಕ್ ಮಾತ್ರ ಹೊಸದು ಹಾಕಿದರೆ ದುಡ್ಡು ದಂಡ. ಅಲುಗಾಟ ಹಾಗೆಯೇ ಉಳಿಯುತ್ತದೆ, ಆಮೇಲೆ 'ಕಂಪನಿ ಪಾರ್ಟ್ ಸರಿ ಇಲ್ಲ' ಅಂತ ಬೈಯುವುದು.

ಒಂದು ಮಾತು ಬಹಳ ಜಾಗ್ರತೆಯಿಂದ ಕೇಳಿ. ಸ್ಪ್ರಿಂಗನ್ನು ಮನೆಯಲ್ಲಿ ಬಿಚ್ಚಬೇಡಿ. ಯೂಟ್ಯೂಬ್ ನೋಡಿ ಮಗ ಬಿಚ್ಚುತ್ತೇನೆ ಅಂದರೂ ಬಿಡಬೇಡಿ. ಅದು ಒತ್ತಿ ಕೂರಿಸಿದ ಸ್ಪ್ರಿಂಗ್. ಮೇಲಿನ ನಟ್ಟು ಸಡಿಲವಾದ ಕ್ಷಣ ಕಲ್ಲು ಎಸೆದ ಹಾಗೆ ಮುಖಕ್ಕೆ ಬರುತ್ತದೆ. ಅದನ್ನು ಹಿಡಿದಿಡಲು ಬೇರೆ ಸಾಧನ ಇದೆ, ಅದು ಇರುವಲ್ಲಿಯೇ ಮಾಡಿಸಬೇಕು.

ಮಳೆಗಾಲಕ್ಕೆ ಮೊದಲು ಆರ್ಮಿನ ಗ್ರೀಸ್ ನಿಪ್ಪಲಿಗೆ ಗ್ರೀಸ್ ಹೊಡೆಸಿ. ನಮ್ಮ ಕೆಂಪು ಕೆಸರು ಮತ್ತು ಕರಾವಳಿಯ ಉಪ್ಪುಗಾಳಿ ಸೇರಿದರೆ ಕಬ್ಬಿಣ ಉಳಿಯುವುದಿಲ್ಲ. ಹಳೆ ಗ್ರೀಸ್ ಜೊತೆ ಕೆಸರು ಹೊರಗೆ ಬರುವವರೆಗೆ ಹೊಡೆಯಬೇಕು. ಆದರೆ ರಬ್ಬರ್ ಬುಶ್ ಇರುವಲ್ಲಿ ಗ್ರೀಸ್ ಬೇಡ. ಸರ್ವಿಸ್ ಮಾಡುವಾಗ ಅಡಿಗೆ ಡೀಸೆಲ್, ಸೀಮೆಎಣ್ಣೆ ಸಿಂಪಡಿಸುವ ಅಭ್ಯಾಸ ಕೆಲವೆಡೆ ಇದೆ. ನೋಡಲಿಕ್ಕೆ ಕಪ್ಪು ಹೊಳೆಯುತ್ತದೆ, ರಬ್ಬರ್ ಮಾತ್ರ ಉಬ್ಬಿ ಹಾಳಾಗುತ್ತದೆ. ಸಾಬೂನು ನೀರು ಸಾಕು.

ಇನ್ನು ಭಾರದ ವಿಷಯ. ಗೂಡ್ಸ್ ಆಟೋದ ತೊಟ್ಟಿ ಹಿಂದಿನ ಚಕ್ರದ ಮೇಲೆ ಕೂತಿದೆ. ಭಾರದ ಪೆಟ್ಟಿಗೆಯನ್ನು ತೊಟ್ಟಿಯ ತೀರಾ ಹಿಂದಕ್ಕೆ, ಬಾಗಿಲಿನ ಹತ್ತಿರ ಇಟ್ಟರೆ ತಕ್ಕಡಿಯ ಹಾಗೆ ಮುಂಭಾಗ ಮೇಲೇಳುತ್ತದೆ. ಆಗ ಹ್ಯಾಂಡಲ್ ಹಗುರ, ಮುಂದೆ ಬಡಿಯುವುದೂ ಇಲ್ಲ. "ಶಾಕ್ ಸರಿ ಇದೆ" ಅಂತ ಅನಿಸುತ್ತದೆ. ನಿಜವಾಗಿ ಮುಂದಿನ ಚಕ್ರಕ್ಕೆ ನೆಲ ಹಿಡಿಯುವಷ್ಟು ಭಾರವೇ ಇಲ್ಲ. ಭಾರದ್ದು ಯಾವತ್ತೂ ಚಾಲಕನ ಬೆನ್ನಿನ ಕಡೆಗೆ, ಹಗುರದ್ದು ಹಿಂದೆ. ಇಳಿಸುವಾಗ ಸುಲಭ ಆಗಲಿ ಅಂತ ಉಲ್ಟಾ ಹೇರುವವರು ಬಹಳ ಮಂದಿ, ಅದೊಂದು ಸೋಮಾರಿತನ ಅಷ್ಟೇ. ಆರ್‌ಸಿಯಲ್ಲಿ ಬರೆದ ತೂಕಕ್ಕಿಂತ ಜಾಸ್ತಿ ಹೇರಿದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂ. ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ಎಂದಿದೆ. ಅಷ್ಟು ದುಡ್ಡಿಗೆ ನಮ್ಮ ಸಂಘದಲ್ಲಿ ಎಷ್ಟು ವಾರದ ಉಳಿತಾಯ ಬೇಕು ಅಂತ ನೀವೇ ಲೆಕ್ಕ ಹಾಕಿ. ಗಾಡಿಯ ಮೂಲ ರಚನೆಯನ್ನು ಆರ್‌ಸಿಗೆ ಹೊಂದದ ಹಾಗೆ ಬದಲಾಯಿಸಲಿಕ್ಕೂ 1988ರ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ.

ನಮ್ಮ ಸಂಘಗಳಲ್ಲಿ ವಿಕಲಚೇತನ ಸಹೋದರ ಸಹೋದರಿಯರಿದ್ದಾರೆ, ಅವರ ಸ್ಕೂಟರಿಗೆ ಹಿಂದೆ ಪಕ್ಕದ ಚಕ್ರ ಜೋಡಿಸಿರುತ್ತಾರೆ. ಸ್ಕೂಟರ್ ತಿರುವಿನಲ್ಲಿ ಒಲಿಯಲಿಕ್ಕಾಗಿ ಮಾಡಿದ ಗಾಡಿ. ಪಕ್ಕದ ಚಕ್ರ ಬಂದ ಮೇಲೆ ಅದು ಒಲಿಯುವುದಿಲ್ಲ, ಆಗ ಮುಂದಿನ ಫೋರ್ಕಿನ ಮೇಲೆ ಅಡ್ಡ ಒತ್ತಡ ಬೀಳುತ್ತದೆ. ಅಂತಹ ಗಾಡಿಗಳಿಗೆ ಈ ಪರೀಕ್ಷೆಗಳನ್ನು ತಿಂಗಳಿಗೊಮ್ಮೆಯಾದರೂ ಮಾಡಿ. ಅವರಿಗೆ ಬಗ್ಗಿ ನೋಡಲು ಆಗದಿದ್ದರೆ ನೆರೆಮನೆಯ ಸದಸ್ಯೆ ನೋಡಲಿ.

ಗ್ಯಾರೇಜಿನಲ್ಲಿ ಹೇಗೆ ಮಾತಾಡುವುದು ಎಂಬುದೂ ಒಂದು ಕಲಿಕೆ. "ಅಕ್ಕಾ, ನಿಮಗೆ ಅದೆಲ್ಲಾ ಗೊತ್ತಾಗೋದಿಲ್ಲ" ಅಂತ ಹೇಳುತ್ತಾರೆ. ಸಿಟ್ಟು ಮಾಡಬೇಡಿ. "ಮೂರು ಸಲ ಒತ್ತಿದೆ, ನಾಲ್ಕು ಸಲ ಆಡ್ತಾ ಇದೆ, ಎಣ್ಣೆ ಇಳಿದಿದೆ, ಆರ್ಮಿನಲ್ಲಿ ಆಟ ಇಲ್ಲ" ಅಂತ ಹೇಳಿ ನೋಡಿ, ಅವರ ಮಾತಿನ ಧಾಟಿಯೇ ಬದಲಾಗುತ್ತದೆ. ಕೊಳವೆ ಬಿಚ್ಚಿ ಎಂಜಿನ್ ಆಯಿಲ್ ತುಂಬಿಸಿ ಮುಚ್ಚುವ ರಿಪೇರಿ ಬೇಡ ಅನ್ನಿ. ತೂತಿನ ಅಳತೆ ಒಂದು ಬಗೆಯ ಎಣ್ಣೆಗೆ ಮಾಡಿದ್ದು, ದಪ್ಪ ಎಣ್ಣೆ ಹಾಕಿದರೆ ಶಾಕ್ ಕಲ್ಲಾಗುತ್ತದೆ. ಸೀಲ್ ಮಾಡಿದ ಶಾಕ್ ಹೋದರೆ ಹೊಸದೇ. ಎರಡು ಶಾಕ್ ಇರುವ ಗಾಡಿಯಲ್ಲಿ ಒಂದು ಹೋದರೆ ಎರಡನ್ನೂ ಬದಲಾಯಿಸಿ, ಒಂದು ಹಳೆ ಎತ್ತು ಒಂದು ಹೊಸ ಎತ್ತು ಕಟ್ಟಿದರೆ ನೇಗಿಲು ನೇರ ಹೋಗುತ್ತದೆಯೇ? ಬಿಲ್ ಕೇಳಿ. ತೆಗೆದ ಹಳೆ ಪಾರ್ಟ್ ವಾಪಸು ಕೇಳಿ, ಅದನ್ನು ಸಂಘದ ಸಭೆಗೆ ತನ್ನಿ. ಮುಂದಿನ ಸದಸ್ಯೆ 'ಗಾಡಿ ರಿಪೇರಿ' ಅಂತ ಸಾಲ ಕೇಳುವಾಗ ಎಲ್ಲರಿಗೂ ವಿಷಯ ಗೊತ್ತಿರುತ್ತದೆ.

ಹಳೆಯ ಆಟೋ ಕೊಳ್ಳಲು ಸಾಲ ಕೇಳುವವರಿಗೂ ಇದೇ ಮಾತು. ಆರ್‌ಸಿ, ಇನ್ಶೂರೆನ್ಸ್, ಪರ್ಮಿಟ್ ನೋಡಿದ ಮೇಲೆ ಬಗ್ಗಿ ಮುಂದಿನ ಸ್ಪ್ರಿಂಗ್ ನೋಡಿ. ಇಡೀ ಗಾಡಿ ಹಳತು, ಸ್ಪ್ರಿಂಗಿಗೆ ಮಾತ್ರ ಹೊಸ ಕಪ್ಪು ಪೇಂಟ್ ಇದ್ದರೆ ಯಾಕೆ ಅಂತ ಕೇಳಿ. ಬುಡದಲ್ಲಿ ವಾಷರ್, ಬಳೆ, ಟ್ಯೂಬಿನ ತುಂಡು ಏನಾದರೂ ತುರುಕಿದ್ದಾರೆಯೇ ನೋಡಿ. ಇದ್ದರೆ ಹೊಸ ಶಾಕಿನ ಬೆಲೆಯನ್ನು ಗಾಡಿಯ ಬೆಲೆಯಲ್ಲಿ ಕಳೆಯಲು ಹೇಳಿ, ಒಪ್ಪದಿದ್ದರೆ ಬಿಟ್ಟು ಬನ್ನಿ.

ಗಾಡಿ ಇರುವ ಸದಸ್ಯೆಯರು ವಾರದ ಉಳಿತಾಯದ ಜೊತೆ ಒಂದು ಸಣ್ಣ ಮೊತ್ತವನ್ನು ಟೈರ್, ಶಾಕ್, ಬ್ರೇಕ್ ಈ ಮೂರಕ್ಕೆ ಅಂತ ಬೇರೆ ಎತ್ತಿಡುವ ಬಗ್ಗೆ ನಿಮ್ಮ ಸಂಘದಲ್ಲಿ ಮಾತಾಡಿ. ಎಷ್ಟು ಎಂದು ನಾವು ಹೇಳುವುದಿಲ್ಲ, ನಿಮ್ಮ ಗಾಡಿಯ ಓಡಾಟ ನಿಮಗೆ ಗೊತ್ತು. ಆ ಮೀನಿನ ಗಾಡಿಯ ಮನೆಯವರು ಈಗ ಹಾಗೆ ಎತ್ತಿಡುತ್ತಿದ್ದಾರೆ. ಆ ಕಬ್ಬಿಣದ ಬಳೆಯನ್ನು ನಾವು ಇವತ್ತು ತಂದಿದ್ದೇವೆ, ಕೈಯಿಂದ ಕೈಗೆ ದಾಟಿಸಿ ನೋಡಿ.

ಅಂಗಳದಲ್ಲಿ ಎರಡು ಗಾಡಿ ನಿಲ್ಲಿಸಿದೆ, ಒಂದರ ಶಾಕ್ ಸರಿ ಇದೆ, ಇನ್ನೊಂದರದ್ದು ಹೋಗಿದೆ. ಯಾವುದು ಅಂತ ನಾವು ಹೇಳುವುದಿಲ್ಲ. ಚಹಾ ಕುಡಿದು ಹತ್ತು ಹತ್ತು ಮಂದಿಯ ಗುಂಪಾಗಿ ಬನ್ನಿ, ಟೇಪ್ ಇದ್ದವರು ಟೇಪ್ ತನ್ನಿ.